ಕುಂಟೆಬಿಲ್ಲೆಗೂ ಸೀಟಿ ಊದಬೇಕಾ?

ಬೆಂಗಳೂರಿನ ಎಷ್ಟೋ ಬಡಾವಣೆಗಳ ಪಾರ್ಕಿನ ಗೇಟಿನಲ್ಲಿ ಒಂದು ಬೋರ್ಡ್ ಇರುತ್ತದೆ. ಹೂ ಕೀಳಬಾರದು, ಕಸ ಹಾಕಬಾರದು, ನಾಯಿ ತರಬಾರದು, ಕೊನೆಗೆ ಆಟ ಆಡಬಾರದು. ಮೊದಲಿನವೆಲ್ಲ ಸರಿ, ಒಪ್ಪುತ್ತೇನೆ. ಆ ಕೊನೆಯ ಸಾಲು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮೊನ್ನೆ ಸಂಜೆ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಮೂವರು ಹುಡುಗಿಯರು ಒಂದು ಮೂಲೆಯಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಿದ್ದರು. ಚೆಂಡಿಲ್ಲ, ಬ್ಯಾಟಿಲ್ಲ, ಗಲಾಟೆಯೂ ಇಲ್ಲ. ವಾಚ್‌ಮನ್ ಸೀಟಿ ಊದುತ್ತಾ ಬಂದರು, ಬಕೆಟ್ಟಿನಲ್ಲಿ ನೀರು ತರಿಸಿ ಆ ಮಕ್ಕಳ ಕೈಯಲ್ಲೇ ಗೆರೆಗಳನ್ನು ತೊಳೆಸಿದರು. ಯಾಕಪ್ಪಾ ಅಂತ ಕೇಳಿದೆ. ‘ನಾನೇನ್ ಮಾಡ್ಲಿ ಸಾರ್, ವಾಕಿಂಗ್ ಬರೋರು ಕಂಪ್ಲೇಂಟ್ ಕೊಡ್ತಾರೆ, ಆಮೇಲೆ ಸೂಪರ್‌ವೈಸರ್ ನನ್ನ ಬೈತಾರೆ’ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗುತ್ತಿಗೆ ಕೆಲಸ, ಬೋರ್ಡಿನಲ್ಲಿ ಬರೆದದ್ದನ್ನು ಮಾಡದೇ ಇದ್ದರೆ ನಾಳೆ ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಸಿಟ್ಟು ಬರುವುದು ಅದನ್ನು ಬರೆಸಿದವರ ಮೇಲೆ, ಸೀಮೆಸುಣ್ಣದ ಗೆರೆ ಕಂಡು ದೂರು ಕೊಡುವ ದೊಡ್ಡವರ ಮೇಲೆ.

ಇದೇ ಪಾರ್ಕಿನ ಹೊರಗೆ ಫುಟ್‌ಪಾತ್ ಮೇಲೆ ದಿನಾ ಬೈಕ್ ಓಡುತ್ತವೆ, ಕಾರು ನಿಲ್ಲುತ್ತವೆ. ಅವರಿಗೆ ಯಾರೂ ಸೀಟಿ ಊದುವುದಿಲ್ಲ. ನಿಯಮ ಅಂದ ಮೇಲೆ ಎಲ್ಲರಿಗೂ ಒಂದೇ ಅಲ್ವಾ? ಆದರೆ ಬೈಕಿನವನು ತಿರುಗಿ ಜಗಳಕ್ಕೆ ಬರುತ್ತಾನೆ, ಯಾರಿಗೋ ಫೋನ್ ಮಾಡುತ್ತಾನೆ. ಎಂಟು ವರ್ಷದ ಹುಡುಗಿ ತಲೆ ತಗ್ಗಿಸಿ ನೆಲ ತೊಳೆಯುತ್ತಾಳೆ. ನಮ್ಮಲ್ಲಿ ನಿಯಮ ಬಿಗಿಯಾಗುವುದು ಎದುರು ಮಾತಾಡದವರ ಮೇಲೆ.

ಪಾರ್ಕ್ ಬಿಟ್ಟು ಬೇರೆಲ್ಲಿ ಆಡಬೇಕು ಹೇಳಿ. ಮೂವತ್ತು-ನಲವತ್ತು ಸೈಟಿನಲ್ಲಿ ಕಾಂಪೌಂಡಿನವರೆಗೂ ಮನೆ, ಕಾಂಪೌಂಡ್ ದಾಟಿದರೆ ರಸ್ತೆಯ ಎರಡೂ ಕಡೆ ಕಾರು, ನಡುವೆ ಉಳಿದ ಜಾಗದಲ್ಲಿ ನೀರಿನ ಟ್ಯಾಂಕರ್. ಎಷ್ಟೋ ಶಾಲೆಗಳ ಮೈದಾನಕ್ಕೆ ಸಂಜೆಯಾದರೆ ಬೀಗ. ದೊಡ್ಡ ಅಪಾರ್ಟ್‌ಮೆಂಟಿನ ಮಕ್ಕಳಿಗಾದರೂ ಒಳಗೇ ಆಟದ ಜಾಗ ಇರುತ್ತದೆ, ಕೆಲವು ಕಡೆ ಅಲ್ಲೂ ಸೈಕಲ್ ಬೇಡ, ಬಾಲ್ ಬೇಡ ಅಂತ ನೋಟಿಸ್ ಅಂಟಿಸುತ್ತಾರೆ, ಅದು ಬೇರೆ ಕಥೆ. ಒಂದೇ ರೂಮಿನ ಮನೆಯ ಮಕ್ಕಳಿಗೆ, ಕಟ್ಟಡ ಕೆಲಸದವರ ಶೆಡ್ಡಿನ ಮಕ್ಕಳಿಗೆ ಆ ಪಾರ್ಕ್ ಒಂದೇ ಗತಿ. ಅಲ್ಲಿಂದ ಓಡಿಸಿದರೆ ಅವರು ಹೋಗುವುದು ಮೇನ್ ರೋಡಿಗೆ.

ಬೇರೆ ಊರುಗಳಲ್ಲೂ ಹೀಗೆ ಆಗಿದೆ. 2017ರ ಜುಲೈನಲ್ಲಿ ಲಂಡನ್ನಿನ ಮೈಲ್ ಎಂಡ್‌ನಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಮನೆ ಹತ್ತಿರ ಮೇಜು ಹಾಕಿ ನಿಂಬೆ ಪಾನಕ ಮಾರುತ್ತಿದ್ದಳು. ಸ್ಥಳೀಯ ಆಡಳಿತದ ಸಿಬ್ಬಂದಿ ಬಂದು, ಪರವಾನಗಿ ಇಲ್ಲ ಅಂತ 150 ಪೌಂಡ್ ದಂಡ ಹಾಕಿದರು. ಅವಳ ಅಪ್ಪ ಪತ್ರಿಕೆಯಲ್ಲಿ ಬರೆದರು, ದೊಡ್ಡ ಸುದ್ದಿಯಾಯಿತು, ಆಮೇಲೆ ದಂಡ ರದ್ದು ಮಾಡಿ ಕ್ಷಮೆ ಕೇಳಿದರು. ಬೀದಿ ವ್ಯಾಪಾರಕ್ಕೆ ಇರುವ ನಿಯಮವನ್ನು ಮಗುವಿನ ಅಂಗಡಿ ಆಟಕ್ಕೆ ಹಾಕಿದಾಗ, ಅಲ್ಲೇ ನಿಂತು ಇದು ಬೇಡ ಅನ್ನುವ ಒಬ್ಬರೂ ಇರಲಿಲ್ಲವಲ್ಲ, ಅದು ನನ್ನನ್ನು ತುಂಬಾ ಕಾಡುತ್ತದೆ. ಅಮೆರಿಕದ ಟೆಕ್ಸಸ್‌ನಲ್ಲಿ 2019ರಲ್ಲಿ ಮಕ್ಕಳ ಪಾನಕದ ಅಂಗಡಿಗೆ ಪರವಾನಗಿ ಕೇಳಬಾರದು ಅಂತ ಕಾನೂನೇ ಮಾಡಿದರು.

ಅದೇ ಬ್ರಿಟನ್ನಿನಲ್ಲಿ 1938ರಲ್ಲೇ ಕೆಲವು ಬೀದಿಗಳನ್ನು ಮಕ್ಕಳ ಆಟಕ್ಕೆ ಬಿಟ್ಟುಕೊಡಲು ಕಾನೂನು ಬಂದಿತ್ತು. 2009ರಲ್ಲಿ ಬ್ರಿಸ್ಟಲ್‌ನ ತಂದೆತಾಯಂದಿರು ಅದನ್ನು ಮತ್ತೆ ಶುರು ಮಾಡಿದರು. ಒಪ್ಪಿಗೆ ತಗೊಂಡು ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ತಮ್ಮ ಬೀದಿಗೆ ವಾಹನ ಬರದ ಹಾಗೆ ನೋಡಿಕೊಂಡರು, ಮಕ್ಕಳು ಆಡಿದರು. ನಮ್ಮ ಕ್ರಾಸ್ ರೋಡುಗಳಲ್ಲಿ ಇದು ಆಗದ ಮಾತೇನಲ್ಲ. ಗಣೇಶನ ಪೆಂಡಾಲ್‌ಗೆ ನಾವು ರಸ್ತೆ ಬಿಟ್ಟುಕೊಡುತ್ತೇವೆ.

ಲೆದರ್ ಬಾಲ್ ಕ್ರಿಕೆಟ್ ಚಿಕ್ಕ ಪಾರ್ಕಿನಲ್ಲಿ ಬೇಡ, ಖಂಡಿತ ಬೇಡ. ವಯಸ್ಸಾದವರಿಗೆ ಏಟು ಬಿದ್ದರೆ ಕಷ್ಟ. ಅದನ್ನಷ್ಟೇ ಬರೆಯಿರಿ. ಸಂಜೆ ಒಂದು ಗಂಟೆ ಒಂದು ಮೂಲೆಯಲ್ಲಿ ಲಗೋರಿ, ಕುಂಟೆಬಿಲ್ಲೆ, ರಬ್ಬರ್ ಚೆಂಡು ಆಡಬಹುದು ಅಂತಲೂ ಬರೆಯಿರಿ. 2024ರಲ್ಲಿ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಹೇಳಿತು. ಅಷ್ಟು ಹೊತ್ತಿನಲ್ಲಿ ಮಕ್ಕಳಿಗೆ ಒಂದು ಗಂಟೆ ಸಿಗುವುದಿಲ್ಲವಾ? ಮಕ್ಕಳಿಗೆ ಆಡುವ ಹಕ್ಕಿದೆ ಅಂತ ಹೇಳುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಅದರ 31ನೇ ವಿಧಿಯಲ್ಲಿ ಇದೆ.

ನಿಮ್ಮ ಪಾರ್ಕಿನಲ್ಲೂ ಇಂಥ ಬೋರ್ಡ್ ಇದ್ದರೆ ಒಂದು ಫೋಟೋ ತೆಗೆಯಿರಿ. ಯಾವ ಆದೇಶದ ಮೇಲೆ, ಯಾವ ತಾರೀಖಿಗೆ, ಯಾರು ಇದನ್ನು ಹಾಕಿಸಿದರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಆದೇಶವೇ ಇಲ್ಲ ಅಂತ ಉತ್ತರ ಬಂದರೆ ಬೋರ್ಡ್ ತೆಗೆಸಿ ಅಂತ ಅದೇ ಕಾಗದ ಇಟ್ಟುಕೊಂಡು ಕೇಳಬಹುದು. ನಮ್ಮ ಪಾರ್ಕಿನದ್ದಕ್ಕೆ ನಾನು ಈ ವಾರ ಅರ್ಜಿ ಹಾಕುತ್ತಿದ್ದೇನೆ. ಅರ್ಜಿಯ ನಮೂನೆ ಬೇಕಾದವರು ಹೇಳಿ, ಕಳಿಸುತ್ತೇನೆ.