ಬಯಾಪ್ಸಿ ವರದಿ, ಮದುವೆ ಕಾಗದದ ಹಿಂಬದಿ ಮತ್ತು ಒಂದು ತಳಪೊರೆ

ನೀರ್ಚಾಲು, 2025 ಜುಲೈ 9, ಬುಧವಾರ

ತಂಗಿಯ ಮಗನ ಮೂತ್ರಪಿಂಡದ ಬಯಾಪ್ಸಿಯ ಪೂರ್ಣ ವರದಿ ಇಂದು ಮಂಗಳೂರಿನಿಂದ ಕೈಸೇರಿತು. ಗಂಟಲು ನೋವು ಬಂದಾಗಲೆಲ್ಲ ಅವನ ಮೂತ್ರ ಕಣ್ಣ ಚಹಾದ, ಎಂದರೆ ಹಾಲಿಲ್ಲದ ಚಹಾದ, ಬಣ್ಣಕ್ಕೆ ತಿರುಗುತ್ತಿದ್ದುದರಿಂದ ಮೊದಲಿಗೆ ಎಲ್ಲರೂ ಶಂಕಿಸಿದ್ದು ಐಜಿಎ ನೆಫ್ರೋಪತಿಯನ್ನು. 1968ರಲ್ಲಿ ಪ್ಯಾರಿಸ್ಸಿನ ಬರ್ಜೆ ಮತ್ತು ಎಂಗ್ಲೆ ಗುರುತಿಸಿದ ಈ ಕಾಯಿಲೆಯಲ್ಲಿ ನಮ್ಮದೇ ದೇಹದ ಐಜಿಎ ಪ್ರತಿಕಾಯಗಳು ಮೂತ್ರಪಿಂಡದ ಸೋಸುವ ಗುಂಡುಗಳಲ್ಲಿ, ಎಂದರೆ ಗ್ಲೊಮೆರುಲಸ್‌ಗಳಲ್ಲಿ, ಹೋಗಿ ಕುಳಿತುಕೊಳ್ಳುತ್ತವೆ. ಆದರೆ ಅವನ ಬಯಾಪ್ಸಿಯಲ್ಲಿ ಐಜಿಎ ಇರಲಿಲ್ಲ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೇರೆ: ಗ್ಲೊಮೆರುಲಸ್‌ನ ತಳಪೊರೆ, ಎಂದರೆ ರಕ್ತ ಸೋಸುವ ಜಾಲರಿಯಂಥ ಪದರ, ಕೆಲವೆಡೆ ತೀರ ತೆಳುವಾಗಿಯೂ ಕೆಲವೆಡೆ ದಪ್ಪವಾಗಿ, ಪದರಪದರವಾಗಿ ಸೀಳಿಕೊಂಡೂ ಇದೆ. ಆಲ್ಪೋರ್ಟ್ ಸಿಂಡ್ರೋಮ್ ಎಂದು ಭಾವಿಸಿ ಜೀನ್ ಪರೀಕ್ಷೆ ಮಾಡಿಸಬೇಕೆಂದು ವರದಿಯ ಕೊನೆಯ ಸಾಲು ಹೇಳುತ್ತದೆ. ಅದರ ಜೊತೆಗೇ ಬಂದ ಕಿವಿಯ ಪರೀಕ್ಷೆಯ ಹಾಳೆಯಲ್ಲಿ, ಎಡಬದಿಯ ಕೆಳಸ್ವರಗಳಲ್ಲಿ ನೇರವಾಗಿ ಸಾಗುವ ಗೆರೆ ಬಲಕ್ಕೆ, ಎತ್ತರದ ಸ್ವರಗಳತ್ತ ಹೋಗುತ್ತಿದ್ದಂತೆ ಇಳಿಜಾರಾಗಿ ಕೆಳಗೆ ಬಿದ್ದಿದೆ, ಎಂದರೆ ಆ ಸ್ವರಗಳು ಅವನಿಗೆ ಮಂದವಾಗಿ ಕೇಳಿಸುತ್ತವೆ. ಹುಡುಗನಿಗೆ ಹತ್ತೊಂಬತ್ತು ವರ್ಷ, ಮೂತ್ರಪಿಂಡ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರತೊಡಗಿದೆ.

ವರದಿ ಬಂದ ಸುದ್ದಿ ತಿಳಿದ ನೆಂಟರೆಲ್ಲ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಇದು ವಂಶದಲ್ಲಿ ಬಂದದ್ದೋ, ನಡುವೆ ಬಂದದ್ದೋ? ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನೆಂಬ ಕಾರಣಕ್ಕೆ ಉತ್ತರಿಸುವ ಹೊಣೆ ನನ್ನ ಪಾಲಿಗೆ ಬಂತು. ಇವನ ಮಟ್ಟಿಗೆ ಉತ್ತರ ಸರಳ, ವಂಶದಲ್ಲಿ ಬಂದದ್ದು. ಆದರೆ ಈ ಕೆಲವು ವಾರಗಳಲ್ಲಿ ಓದಿ ತಿಳಿದುದನ್ನೆಲ್ಲ ಎದುರಿಗಿಟ್ಟು ನೋಡಿದಾಗ, ವಂಶದ ಕಾಯಿಲೆ ಒಂದು ಬಗೆ, ರೋಗನಿರೋಧಕ ವ್ಯವಸ್ಥೆ ಕೆಟ್ಟು ಬರುವ ಕಾಯಿಲೆ ಇನ್ನೊಂದು ಬಗೆ ಎಂದು ಎರಡು ಕಪಾಟು ಮಾಡಿ ಇಡುವುದು ಮೂತ್ರಪಿಂಡದ ಮಟ್ಟಿಗೆ ಅಷ್ಟು ಸರಿಯಾಗದೆಂದು ನನಗೆ ಅನಿಸತೊಡಗಿದೆ. ಎರಡು ದಾರಿಯಿಂದ ಬಂದರೂ ಹಾಳಾಗುವುದು ಎಷ್ಟೋ ಸಲ ಒಂದೇ ಪ್ರೋಟೀನು. ತೋಟದ ಪಂಪಿನ ಫೂಟ್‌ವಾಲ್ವಿನ ಜಾಲರಿ ತಯಾರಿಯಲ್ಲೇ ಸರಿಯಿಲ್ಲದಿದ್ದರೂ ಕಸ ಒಳಗೆ ಬರುತ್ತದೆ, ಸರಿಯಿದ್ದದ್ದನ್ನು ಆಮೇಲೆ ಏನೋ ಕಡಿದು ತೂತು ಮಾಡಿದರೂ ಕಸ ಒಳಗೆ ಬರುತ್ತದೆ. ನೀರು ನೋಡಿದವನಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಆಲ್ಪೋರ್ಟ್ ಎಂಬ ವೈದ್ಯ ಒಂದೇ ಕುಟುಂಬದಲ್ಲಿ ಮೂತ್ರದಲ್ಲಿ ರಕ್ತ ಮತ್ತು ಕಿವುಡು ಎರಡೂ ಜೊತೆಯಾಗಿ ತಲೆಮಾರಿನಿಂದ ತಲೆಮಾರಿಗೆ ಬರುವುದನ್ನು 1927ರಲ್ಲಿ ಬರೆದಿಟ್ಟ. ಗಂಡಸರಲ್ಲಿ ಕಾಯಿಲೆ ಉಗ್ರ, ಹೆಂಗಸರಲ್ಲಿ ಮೃದು ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಕಾರಣ ತಿಳಿಯಲು 1990ರವರೆಗೆ ಕಾಯಬೇಕಾಯಿತು. ತಳಪೊರೆಯ ಮುಖ್ಯ ಹುರಿ ನಾಲ್ಕನೆಯ ಬಗೆಯ ಕೊಲಾಜೆನ್; ಮೂತ್ರಪಿಂಡದಲ್ಲಿ ಅದರ ಆಲ್ಫಾ-3, ಆಲ್ಫಾ-4, ಆಲ್ಫಾ-5 ಎಂಬ ಮೂರು ಎಳೆಗಳು ಹೆಣೆದುಕೊಂಡೇ ಪೊರೆಯಾಗಬೇಕು, ಒಂದು ಎಳೆ ಇಲ್ಲದಿದ್ದರೆ ಉಳಿದೆರಡೂ ನಿಲ್ಲುವುದಿಲ್ಲ. ಆಲ್ಫಾ-5ರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಉಳಿದೆರಡರದು ಎರಡನೆಯ ಕ್ರೋಮೋಸೋಮಿನಲ್ಲಿ. ಇದೇ ಹೆಣಿಗೆ ಒಳಗಿವಿಯಲ್ಲಿಯೂ ಕಣ್ಣಿನಲ್ಲಿಯೂ ಇರುವುದರಿಂದ ಕಿವುಡಿಗೆ ಕಾರಣ ಸಿಕ್ಕಂತಾಯಿತು.

ಮಧ್ಯಾಹ್ನ ಊಟವಾದ ಮೇಲೆ ದೊಡ್ಡಮ್ಮನ ಹತ್ತಿರ ಕುಳಿತು ವಂಶವೃಕ್ಷ ಬರೆದೆ. ಎಂಬತ್ತೆಂಟು ವರ್ಷದ ಅವರ ನೆನಪಿಗೆ ಸಮನಾದ ದಾಖಲೆ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಹಳೆಯದೊಂದು ಮದುವೆ ಕಾಗದದ ಹಿಂಬದಿಯಲ್ಲಿ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಕಪ್ಪು ತುಂಬಿದ ಗುರುತು. ದೊಡ್ಡಮ್ಮನ ಇಬ್ಬರು ತಮ್ಮಂದಿರು, ಎಂದರೆ ನನ್ನ ಸೋದರಮಾವಂದಿರು, ಮೂವತ್ತು ದಾಟುವ ಮೊದಲೇ ಮುಖ, ಕಾಲು ಬೀಗಿ ತೀರಿಹೋದವರು. ಡಯಾಲಿಸಿಸ್ ಎಂಬ ಹೆಸರೇ ನಮ್ಮ ಕಡೆ ಕೇಳದಿದ್ದ ಕಾಲ. ನಾಗದೋಷವೆಂದು ಆಶ್ಲೇಷಬಲಿ ಮಾಡಿಸಿದ್ದರಂತೆ. ಕಿವಿ ಹೇಗಿತ್ತು ಎಂದು ಕೇಳಿದೆ. "ದೊಡ್ಡವಂಗೆ ಕೆಮಿ ರಜಾ ಮಂದ" (ದೊಡ್ಡವನಿಗೆ ಕಿವಿ ಸ್ವಲ್ಪ ಮಂದ) ಎಂದರು, ಅದಕ್ಕೂ ಕಾಯಿಲೆಗೂ ಏನು ಸಂಬಂಧವೆಂಬ ಭಾವದಲ್ಲಿ. ದೊಡ್ಡಮ್ಮನ ತಾಯಿಯ ಅಣ್ಣನೊಬ್ಬನೂ ಹೀಗೆಯೇ ಹೋದನೆಂದು ಸ್ವಲ್ಪ ಹೊತ್ತಿನ ಮೇಲೆ ಅವರಿಗೇ ನೆನಪಾಯಿತು. ಕಾಗದದ ಮೇಲೆ ಕಪ್ಪು ಚೌಕಗಳೆಲ್ಲ ಹೆಣ್ಣುಮಕ್ಕಳ ಮೂಲಕವೇ ಕೆಳಗಿಳಿದಿವೆ, ಅಪ್ಪನಿಂದ ಮಗನಿಗೆ ಇಳಿದ ಒಂದು ಗೆರೆಯೂ ಇಲ್ಲ. ಎಕ್ಸ್ ಕ್ರೋಮೋಸೋಮಿನ ಕಾಯಿಲೆಯನ್ನು ಪಾಠ ಮಾಡುವಾಗ ಕರಿಹಲಗೆಯ ಮೇಲೆ ನಾನು ಬಿಡಿಸುತ್ತಿದ್ದ ಚಿತ್ರ ಹೀಗೆಯೇ ಇರುತ್ತಿತ್ತು. ಅಮ್ಮ ಮತ್ತು ತಂಗಿಯ ವೃತ್ತಗಳೊಳಗೆ ಒಂದೊಂದು ಚುಕ್ಕೆ ಇಟ್ಟೆ, ಕೆಟ್ಟ ಜೀನನ್ನು ಹೊತ್ತವರೆಂಬುದಕ್ಕೆ ಗುರುತು. ನನ್ನ ಚೌಕ ಖಾಲಿಯಾಗಿಯೇ ಉಳಿಯಿತು. ಅಮ್ಮನ ಎರಡು ಎಕ್ಸ್‌ಗಳಲ್ಲಿ ನನಗೆ ಬಂದದ್ದು ಸರಿಯಿದ್ದುದು, ತಂಗಿಗೆ ಹೋದದ್ದು ಇನ್ನೊಂದು.

ನಮ್ಮ ಕಡೆ ಯಾರಿಗೆ ಏನು ಕಾಯಿಲೆ ಬಂದರೂ ಗೇರುತೋಟದ ಎಂಡೋಸಲ್ಫಾನ್ ನೆನಪಾಗದೆ ಇರುವುದಿಲ್ಲ, ಆ ಅನುಭವದ ಮೇಲೆ ಹಾಗಾಗುವುದು ಸಹಜವೇ. ಭಾವನವರೂ ಅದನ್ನೇ ಕೇಳಿದರು. ವಿಮಾನದಿಂದ ಔಷಧ ಸಿಂಪಡಿಸುವುದಕ್ಕೆ ಎಷ್ಟೋ ಮೊದಲೇ ಹುಟ್ಟಿ ತೀರಿದವರ ಹೆಸರು ಈ ಕಾಗದದಲ್ಲಿದೆ ಎಂದು ತೋರಿಸಿದ ಮೇಲೆ ಸುಮ್ಮನಾದರು.

ಈಗ ಅದೇ ಪೊರೆಯ ಇನ್ನೊಂದು ಕಥೆ. ಗುಡ್‌ಪಾಸ್ಚರ್ ಕಾಯಿಲೆಯೆಂಬುದರಲ್ಲಿ ಜೀನ್ ಸರಿಯಿದೆ, ಪೊರೆ ಸರಿಯಾಗಿಯೇ ನೇಯ್ದುಕೊಂಡಿದೆ. ಆದರೆ ಒಂದು ದಿನ ದೇಹ ಅದರ ಆಲ್ಫಾ-3 ಎಳೆಯ ತುದಿಯನ್ನು ಪರಕೀಯವೆಂದು ಬಗೆದು ಪ್ರತಿಕಾಯ ತಯಾರಿಸುತ್ತದೆ, ವಾರಗಳಲ್ಲೇ ಮೂತ್ರಪಿಂಡ ಕುಸಿಯುತ್ತದೆ, ಕೆಲವರಲ್ಲಿ ಶ್ವಾಸಕೋಶದಿಂದಲೂ ರಕ್ತ ಬರುತ್ತದೆ. 1967ರಲ್ಲಿ ಅಮೆರಿಕದ ಸಂಶೋಧಕರು ಇಂಥ ರೋಗಿಗಳ ಮೂತ್ರಪಿಂಡದಿಂದಲೇ ಪ್ರತಿಕಾಯಗಳನ್ನು ಬಿಡಿಸಿ ತೆಗೆದು ಕೋತಿಗಳಿಗೆ ಚುಚ್ಚಿದಾಗ ಅವುಗಳಿಗೂ ಅದೇ ಕಾಯಿಲೆ ಬಂತು. ಪ್ರತಿಕಾಯವೇ ಅಪರಾಧಿಯೆಂದು ಸಾಬೀತಾದದ್ದು ಹಾಗೆ.

ಇದೊಂದೇ ಜೋಡಿಯಾಗಿದ್ದರೆ ಕಾಕತಾಳೀಯವೆಂದು ಬಿಡಬಹುದಿತ್ತು. ತಳಪೊರೆಯ ಹೊರಗೆ ಪೋಡೋಸೈಟ್ ಎಂಬ ಜೀವಕೋಶಗಳ ಬೆರಳುಗಳಿವೆ, ಆ ಬೆರಳುಗಳ ಸಂದಿಯನ್ನು ಮುಚ್ಚುವ ಪ್ರೋಟೀನು ನೆಫ್ರಿನ್. ಫಿನ್‌ಲೆಂಡಿನಲ್ಲಿ ಹುಟ್ಟುತ್ತಲೇ ಮೂತ್ರದಲ್ಲಿ ಪ್ರೋಟೀನ್ ಸುರಿದುಹೋಗುವ ಕೂಸುಗಳ ಕುಟುಂಬಗಳನ್ನು ಹಿಡಿದು ಟ್ರಿಗ್ವಾಸನ್ ಅವರ ತಂಡ 1998ರಲ್ಲಿ ಅದರ ಜೀನನ್ನು ಪತ್ತೆಮಾಡಿತು. ನಮ್ಮಲ್ಲಿ ಚಿಕ್ಕ ಮಕ್ಕಳ ಮುಖ ಬೆಳಗ್ಗೆ ಎದ್ದಾಗ ಬೀಗಿರುತ್ತದಲ್ಲ, ಸ್ಟಿರಾಯ್ಡ್ ಕೊಟ್ಟರೆ ಇಳಿದು ಬಿಟ್ಟರೆ ಮತ್ತೆ ಬರುವ ನೆಫ್ರೋಟಿಕ್ ಸಿಂಡ್ರೋಮ್, ಅದರ ಕಾರಣ ಮಾತ್ರ ದಶಕಗಳ ಕಾಲ ಕೈಗೆ ಸಿಕ್ಕಿರಲಿಲ್ಲ. 2022ರಲ್ಲಿ ಅಮೆರಿಕದಿಂದ, 2024ರಲ್ಲಿ ಹ್ಯಾಂಬರ್ಗಿನವರ ಮುಂದಾಳತ್ವದ ಯುರೋಪಿನ ತಂಡದಿಂದ ಬಂದ ವರದಿಗಳು ಬೆಟ್ಟು ಮಾಡಿದ್ದು ಅದೇ ನೆಫ್ರಿನ್ನನ್ನು, ಈ ಬಾರಿ ಅದರ ವಿರುದ್ಧದ ಪ್ರತಿಕಾಯದ ರೂಪದಲ್ಲಿ. ಕಾಯಿಲೆ ಸಕ್ರಿಯವಾಗಿದ್ದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಪಡೆಯುತ್ತಿರದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಅದು ಇತ್ತು.

ಮೂರನೆಯ ಜೋಡಿ ನಮ್ಮ ದೇಶಕ್ಕೆ ಹೆಚ್ಚು ಹತ್ತಿರದ್ದು. ರಕ್ತದಲ್ಲಿರುವ, ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನುಗಳ ಕಾಂಪ್ಲಿಮೆಂಟ್ ವ್ಯವಸ್ಥೆ ಹದ ತಪ್ಪದಂತೆ ತಡೆದಿಡುವ ಫ್ಯಾಕ್ಟರ್-ಹೆಚ್ ಎಂಬ ಪ್ರೋಟೀನಿನ ಜೀನ್ ಕೆಟ್ಟರೆ ಮೂತ್ರಪಿಂಡದ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ದೆಹಲಿಯ ಏಮ್ಸ್‌ನ ಮಕ್ಕಳ ವಿಭಾಗದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಕಾಯಿಲೆಯ ಭಾರತೀಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಫ್ಯಾಕ್ಟರ್-ಹೆಚ್ ವಿರುದ್ಧ ಪ್ರತಿಕಾಯವಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಮಾಣ ಬಹಳ ಕಡಿಮೆ. ಇನ್ನೂ ವಿಚಿತ್ರವೆಂದರೆ, ಆ ಪ್ರತಿಕಾಯ ಹುಟ್ಟುವ ಮಕ್ಕಳಲ್ಲಿ ಬಹುತೇಕರಿಗೆ ಪಕ್ಕದ ಇನ್ನೊಂದು ಜೀನ್ ಹುಟ್ಟಿನಿಂದಲೇ ಇರುವುದಿಲ್ಲ. ರೋಗನಿರೋಧಕ ವ್ಯವಸ್ಥೆ ತಪ್ಪುವುದಕ್ಕೂ ವಂಶವೇ ನೆಲ ಹದ ಮಾಡಿರುತ್ತದೆ; ಇದನ್ನು ಯಾವ ಕಪಾಟಿನಲ್ಲಿ ಇಡುವುದು?

ವಂಶದ ಮಾತೇ ಬಾರದ, ಕೈಯಾರೆ ತಂದುಕೊಳ್ಳುವ ದಾರಿಯೂ ಇದೆ, ಅದು ನಮ್ಮ ರಾಜ್ಯವಾದ ಕೇರಳದಲ್ಲೇ ಕಂಡುಬಂದದ್ದರಿಂದ ಬರೆಯದೆ ಬಿಡುವಂತಿಲ್ಲ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ನೋಡಿದ ಮೆಂಬ್ರೇನಸ್ ನೆಫ್ರೋಪತಿಯ (ತಳಪೊರೆಯ ಮೇಲೆ ಪ್ರತಿಕಾಯಗಳು ಕುಳಿತು ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆ) 22 ರೋಗಿಗಳಲ್ಲಿ 15 ಮಂದಿಯ ಬಯಾಪ್ಸಿಯಲ್ಲಿ ನೆಲ್-1 ಎಂಬ ಪ್ರೋಟೀನು ಸಿಕ್ಕಿತು. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರು. ಕಾರಣ ಕ್ರೀಮಿನಲ್ಲಿದ್ದ ಪಾದರಸ. ಅದಕ್ಕೂ ಮೊದಲೇ, 2022ರಲ್ಲಿ, ಪಾದರಸವಿರುವ ನಾಟಿ ಔಷಧಗಳಿಗೂ ನೆಲ್-1 ಕಾಯಿಲೆಗೂ ನಂಟಿದೆಯೆಂದು ದಕ್ಷಿಣ ಭಾರತದ ರೋಗಿಗಳ ಅಧ್ಯಯನವೊಂದು ತೋರಿಸಿತ್ತು. ಕೋಟ್ಟಕ್ಕಲ್ಲಿನ ರೋಗಿಗಳಲ್ಲಿ ಕ್ರೀಮು ಹಚ್ಚುವುದನ್ನು ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸಿಕೊಂಡರು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂದು ಅಂಗಡಿಗಳ ತಪಾಸಣೆ ಮಾಡಿತ್ತು. ಆದರೂ ತಯಾರಿಸಿದವರ ಹೆಸರಿಲ್ಲದ ಡಬ್ಬಿಗಳು ಮದುವೆಯ ದಿನ ಹತ್ತಿರವಾದಾಗ ಮನೆಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇರುತ್ತವೆ. ಈ ವಿಷಯದಲ್ಲಿ ನನಗೆ ಸಂಕೋಚವಿಲ್ಲ, ಕಂಡಲ್ಲಿ ಹೇಳುತ್ತೇನೆ, ಹೇಳಿ ಬೈಸಿಕೊಂಡದ್ದೂ ಇದೆ.

ದಾರಿ ಯಾವುದೆಂದು ತಿಳಿಯುವುದರಿಂದ ಆಗುವ ಪ್ರಯೋಜನ ಚಿಕಿತ್ಸೆಯಲ್ಲಿದೆ. ಪ್ರತಿಕಾಯದಿಂದ ಬಂದದ್ದಾದರೆ ಸ್ಟಿರಾಯ್ಡ್, ಪ್ಲಾಸ್ಮಾ ಬದಲಾವಣೆ ಮುಂತಾದವುಗಳಿಗೆ ಅರ್ಥವಿದೆ. ಅಳಿಯನಂಥವರಿಗೆ ಅವನ್ನು ಕೊಟ್ಟರೆ ಅಡ್ಡಪರಿಣಾಮವಷ್ಟೇ ಲಾಭ. ಅವನಿಗೆ ರ‍್ಯಾಮಿಪ್ರಿಲ್ ಆರಂಭಿಸಿದ್ದಾರೆ. ಯುರೋಪಿನ ಆಲ್ಪೋರ್ಟ್ ರೋಗಿಗಳ ದಾಖಲೆಗಳನ್ನು ಎರಡು ದಶಕ ಕೂಡಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಈ ಗುಂಪಿನ ಔಷಧ ಪಡೆಯದವರಲ್ಲಿ ಅರ್ಧದಷ್ಟು ಮಂದಿಗೆ ಡಯಾಲಿಸಿಸ್ ಬೇಕಾಗುವ ಹೊತ್ತಿನ ವಯಸ್ಸು 22, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿದ ಹಂತದಲ್ಲೇ ಆರಂಭಿಸಿದವರಿಗೆ 40. ಬೆಲೆಯಲ್ಲಿ ಅಗ್ಗದ, ರಕ್ತದೊತ್ತಡಕ್ಕೆ ಕೊಡುವ ಸಾಮಾನ್ಯ ಮಾತ್ರೆಯಿದು. ಹೊಸ ಜೀನ್ ಚಿಕಿತ್ಸೆಗಳ ಸುದ್ದಿಗಿಂತ ಈ ಎರಡು ಸಂಖ್ಯೆಗಳು ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿವೆ. ಮದುವೆ ಕಾಗದದಲ್ಲಿ ಚುಕ್ಕೆ ಇರಬಹುದಾದ ಹೆಣ್ಣುಮಕ್ಕಳ ಮನೆಗಳಿಗೆ, ಬೆಂಗಳೂರಿನಲ್ಲಿರುವ ದೊಡ್ಡಮ್ಮನ ಮೊಮ್ಮಗಳೂ ಸೇರಿದಂತೆ, ಮಕ್ಕಳ ಮೂತ್ರ ಪರೀಕ್ಷೆ ಮಾಡಿಸಲು ಸಂಜೆಯೇ ಫೋನ್ ಮಾಡಿದೆ. ಒಬ್ಬಳು ಒಪ್ಪಿದಳು, ಇನ್ನೊಬ್ಬಳ ಅತ್ತೆ, ಮಗಳ ಜಾತಕ ಹೊರಗೆ ಹೋಗಿರುವ ಹೊತ್ತಿನಲ್ಲಿ ಈ ಮಾತು ಬೇಡವೆಂದರು.

ತಂಗಿ ತನ್ನದೊಂದು ಮೂತ್ರಪಿಂಡ ಕೊಡುತ್ತೇನೆಂದು ಈಗಲೇ ಹಟ ಹಿಡಿದಿದ್ದಾಳೆ. ಅವಳ ಮೂತ್ರದಲ್ಲಿಯೂ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ರಕ್ತಕಣಗಳಿವೆ, ಅವಳ ಪೊರೆಯೂ ಪೂರ್ತಿ ಸರಿಯಿಲ್ಲ. ಬೇರೆ ದಾನಿ ಇಲ್ಲದಿದ್ದರೆ ಮಾತ್ರ ಇಂಥ ತಾಯಿಯನ್ನು ಪರಿಗಣಿಸುವುದು. ನನ್ನದು ಹೊಂದುತ್ತದೆಯೇ ಎಂದು ನೋಡಬಹುದು, ಅರುವತ್ತೊಂದರ ವಯಸ್ಸು ಅಡ್ಡಬಾರದಿದ್ದರೆ. ಅಲ್ಲಿಯೂ ಎರಡು ದಾರಿಗಳು ಸಂಧಿಸುತ್ತವೆ: ಆಲ್ಫಾ-5 ಎಳೆಯನ್ನು ಎಂದೂ ಕಾಣದ ದೇಹಕ್ಕೆ ಸರಿಯಾದ ಪೊರೆಯಿರುವ ಮೂತ್ರಪಿಂಡ ಹೊಲಿದರೆ, ಆ ದೇಹಕ್ಕೆ ಅದು ಹೊಸ ವಸ್ತು. ಆಲ್ಪೋರ್ಟ್ ಇದ್ದು ಕಸಿ ಮಾಡಿಸಿಕೊಂಡ ನೂರರಲ್ಲಿ ಮೂರರಿಂದ ಐದು ಮಂದಿಗೆ ಹೊಸ ಮೂತ್ರಪಿಂಡದ ಪೊರೆಯ ವಿರುದ್ಧ ಪ್ರತಿಕಾಯ ಹುಟ್ಟಿ ಗುಡ್‌ಪಾಸ್ಚರ್‌ನಂಥದೇ ಕಾಯಿಲೆ ಬರುತ್ತದೆ, ಹೆಚ್ಚಾಗಿ ಮೊದಲ ವರ್ಷದೊಳಗೆ. ಜೀನಿನ ದೊಡ್ಡ ಭಾಗವೇ ಬಿಟ್ಟುಹೋದವರಿಗೆ ಈ ಅಪಾಯ ಹೆಚ್ಚು, ಒಂದಕ್ಷರ ಬದಲಾದವರಿಗೆ ಕಡಿಮೆ. ಆದ್ದರಿಂದ ಸೋಮವಾರ ವೈದ್ಯರನ್ನು ಕಾಣುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಜೀನ್ ವರದಿಯಲ್ಲಿ ದೋಷ ಯಾವ ಬಗೆಯದೆಂಬುದು ತಿಳಿಯುತ್ತದೆಯೇ, ತುಂಡು ಬಿಟ್ಟುಹೋಗಿರುವುದನ್ನು ಆ ಪರೀಕ್ಷೆ ಹಿಡಿಯುತ್ತದೆಯೇ ಎಂಬುದು. ಎರಡನೆಯದು, ರಕ್ತ ಕೊಡುವಾಗ ತಂಗಿಯ ಮಾದರಿಯನ್ನೂ ಜೊತೆಗೇ ಕಳಿಸಬಹುದೇ ಎಂಬುದು.