ಹಳೆಯ ರೇಸ್ ಕಾರಿನ ಬಾಡಿಯಲ್ಲಿ ತೆಳುವಾದ ಆಂಗಲ್ ಹೊಂದಿಸುವ ಬಗೆ

ಹಳೆಯ ರೇಸ್ ಕಾರಿನ ಅಲ್ಯೂಮಿನಿಯಂ ಬಾಡಿಯನ್ನು ಬಿಚ್ಚಿದಾಗ ಕಣ್ಣಿಗೆ ಮೊದಲು ಬೀಳುವುದು ಹೊರಗಿನ ತಗಡಿನ ನೆಗ್ಗುಗಳಾದರೂ, ಹೆಚ್ಚು ಹಾಳಾಗಿರುವುದು ಸಾಮಾನ್ಯವಾಗಿ ಆ ತಗಡಿನ ಬೆನ್ನಿಗೆ ರಿವೆಟ್ ಹೊಡೆದು ಕೂರಿಸಿರುವ, ಎರಡು ತೋಳುಗಳಿರುವ ಎಲ್ (L) ಆಕಾರದ ತೆಳುವಾದ ಆಂಗಲ್‌ಗಳು. ಬಾನೆಟ್ಟಿನ ಅಂಚು, ಡ್ಯಾಶ್‌ಬೋರ್ಡಿನ ಕೆಳಭಾಗ, ಚಕ್ರದ ಒಳಗೂಡು ನೆಲದ ತಗಡನ್ನು ಸೇರುವ ಜಾಗ, ಕಾಲು ಸುತ್ತು ತಿರುಗಿಸಿದರೆ ಬಿಚ್ಚಿಕೊಳ್ಳುವ ಡ್ಜೂಸ್ ಫಾಸ್ಟನರ್‌ಗಳನ್ನು ಹಿಡಿದಿರುವ ಪಟ್ಟಿ, ಹೀಗೆ ಎಲ್ಲೆಲ್ಲಿ ಎರಡು ತಗಡುಗಳು ಕೋನವಾಗಿ ಕೂಡುತ್ತವೆಯೋ ಅಲ್ಲೆಲ್ಲ ಇವು ಇರುತ್ತವೆ. ಕಂಪನದಿಂದ ರಿವೆಟ್ ತೂತುಗಳು ಉದ್ದುದ್ದವಾಗಿರುತ್ತವೆ, ಮೂಲೆಯಲ್ಲಿ ನೀರು ನಿಂತು ಲೋಹ ಬಿಳಿ ಪುಡಿಯಾಗಿರುತ್ತದೆ. ಇವುಗಳಿಗೆ ಬದಲಿ ಆಂಗಲ್ ಹುಡುಕುವವರಿಗೆ ನನ್ನ ಅನುಭವದಿಂದ ಹೇಳಬೇಕಾದದ್ದು ಒಂದೇ: ಸಿದ್ಧ ಆಂಗಲ್ ಹುಡುಕುತ್ತ ಅಲೆಯಬೇಡಿ, ಸರಿಯಾದ ತಗಡನ್ನು ಹುಡುಕಿ, ಅದನ್ನು ಬಾಗಿಸಿಕೊಳ್ಳಿ.

ಅಂಗಡಿಯಲ್ಲಿ ಸಿಗುವ ಕಬ್ಬಿಣದ ಆಂಗಲ್ ಸಾಮಾನ್ಯವಾಗಿ 3 ಮಿ.ಮೀ. ದಪ್ಪದಿಂದ ಆರಂಭವಾಗುತ್ತದೆ, ಏಕೆಂದರೆ ಕಾಯಿಸಿ ರೋಲಿಂಗ್ ಮಾಡುವ ವಿಧಾನದಲ್ಲಿ ಅದಕ್ಕಿಂತ ತೆಳುವಾದದ್ದನ್ನು ತೆಗೆಯುವುದು ಕಷ್ಟ. ಅಚ್ಚಿನಿಂದ ಒತ್ತಿ ತೆಗೆದ ಅಲ್ಯೂಮಿನಿಯಂ ಆಂಗಲ್ ಸುಮಾರು ಒಂದೂವರೆ ಮಿ.ಮೀ.ವರೆಗೂ ದೊರೆಯುತ್ತದೆ, ಆದರೆ ಹೆಚ್ಚಾಗಿ ಕೈಗೆ ಸಿಗುವುದು ಅದಕ್ಕಿಂತ ದಪ್ಪನಾದದ್ದೇ. 20 ಮಿ.ಮೀ. ತೋಳುಗಳ, 3 ಮಿ.ಮೀ. ದಪ್ಪದ ಕಬ್ಬಿಣದ ಆಂಗಲ್ ಮೀಟರಿಗೆ ಸುಮಾರು 870 ಗ್ರಾಂ ತೂಗುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ ಸುಮಾರು 300 ಗ್ರಾಂ. 1.2 ಮಿ.ಮೀ. ತಗಡಿನಿಂದ ಬಾಗಿಸಿದ, 15 ಮಿ.ಮೀ. ತೋಳುಗಳ ಆಂಗಲ್ ಮೀಟರಿಗೆ ನೂರು ಗ್ರಾಮಿಗೂ ಕಡಿಮೆ. ತೂಕಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವ ವಿಷಯ ಬಿಗಿತನದ್ದು. ತೆಳು ತಗಡಿನ ಹಿಂದೆ ದಪ್ಪ ಆಂಗಲ್ ಕೂರಿಸಿದರೆ, ಬಾಡಿ ಅದುರುವಾಗ ಆಂಗಲ್ ಜಗ್ಗುವುದಿಲ್ಲ, ತಗಡು ಮಾತ್ರ ಜಗ್ಗುತ್ತದೆ. ಆ ಒತ್ತಡವೆಲ್ಲ ರಿವೆಟ್ ಸಾಲಿಗೆ ಬಂದು ಸೇರಿ, ದಶಕಗಳ ಕಾಲ ಉಳಿದು ಬಂದ ಮೂಲ ತಗಡು ಅದೇ ಸಾಲಿನಲ್ಲಿ ಬಿರುಕು ಬಿಡುತ್ತದೆ. ಉಳಿಸಬೇಕಾದ ಭಾಗವನ್ನು ಬದಲಿ ಭಾಗವೇ ಕೆಡಿಸುವಂತಾಗಬಾರದು.

1950ರ ದಶಕದ ಚಿಕ್ಕ ರೇಸ್ ಕಾರುಗಳನ್ನು ಕಟ್ಟಿದವರಿಗೆ ಈ ಪ್ರಶ್ನೆ ಎದುರಾಗಲೇ ಇಲ್ಲ. 1956ರಲ್ಲಿ ಬಂದ ಲೋಟಸ್ ಇಲೆವೆನ್‌ನಂಥ ಕಾರಿನಲ್ಲಿ ಕಬ್ಬಿಣದ ಕೊಳವೆಗಳ ಹಂದರಕ್ಕೆ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹೊಡೆದಿರುತ್ತಿದ್ದರು. ಇಂಥ ಬಾಡಿ ಕಟ್ಟುವ ಕಾರ್ಖಾನೆಗಳಲ್ಲಿ ತಗಡು ಕತ್ತರಿಸಿ ಉಳಿದ ಪಟ್ಟಿಗಳಿಗೇನೂ ಕೊರತೆಯಿರಲಿಲ್ಲ. ಆಂಗಲ್ ಬೇಕಾದಾಗ ಅವನ್ನೇ ಬಾಗಿಸಿಕೊಳ್ಳುವುದು ಸುಲಭದ ದಾರಿಯಾಗಿತ್ತು. ಹಳೆಯ ಆಂಗಲ್ ಒಂದನ್ನು ಬಿಚ್ಚಿ ಬಣ್ಣ ತೆಗೆದು ಬೆಳಕಿಗೆ ಹಿಡಿದರೆ ಇದು ಕಾಣುತ್ತದೆ. ಹೊರಮೂಲೆ ಚೂಪಾಗಿರದೆ ದುಂಡಗಿರುತ್ತದೆ, ಒಳಮೂಲೆಯೂ ಅದಕ್ಕೆ ಸರಿಯಾಗಿ ದುಂಡಗಿರುತ್ತದೆ, ಬಾಗಿದ ಗೆರೆಯುದ್ದಕ್ಕೂ ಗುರುತು ಹಾಕುವ ಸೂಜಿಯ ತೆಳುವಾದ ಗೀರು ಕೆಲವೊಮ್ಮೆ ಉಳಿದಿರುತ್ತದೆ, ಎರಡು ತೋಳುಗಳ ಅಗಲ ಒಂದು ತುದಿಯಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ವ್ಯತ್ಯಾಸವಾಗಿರುತ್ತದೆ. ಅಚ್ಚಿನಿಂದ ಬಂದ ಆಂಗಲ್‌ನ ಹೊರಮೂಲೆ ಬಹುಪಾಲು ಚೂಪಾಗಿಯೇ ಇರುತ್ತದೆ. ಅಂಥದ್ದನ್ನು ಕೂರಿಸಿದರೆ ತಿಳಿದವರ ಬೆರಳಿಗೆ ಕತ್ತಲಲ್ಲೂ ಗೊತ್ತಾಗುತ್ತದೆ.

ಮೊದಲ ಕೆಲಸ ಅಳತೆ. ಇಲ್ಲಿ ತಗಡಿನ ದಪ್ಪ ಸೂಚಿಸುವ ‘ಗೇಜ್’ ಎಂಬ ಸಂಖ್ಯೆಯನ್ನು ನಂಬಿ ತಗಡು ತರಿಸಬಾರದು. ಬ್ರಿಟಿಷ್ ಪದ್ಧತಿಯ 18 ಗೇಜ್ ಎಂದರೆ 1.22 ಮಿ.ಮೀ.; ಅಮೆರಿಕದಲ್ಲಿ ಅಲ್ಯೂಮಿನಿಯಂಗೆ ಬಳಸುವ ಪದ್ಧತಿಯಲ್ಲಿ ಅದೇ 18 ಗೇಜ್ 1.02 ಮಿ.ಮೀ. 16 ಗೇಜಿನಲ್ಲಿ ಅಂತರ ಇನ್ನೂ ಹೆಚ್ಚು: ಒಂದರಲ್ಲಿ 1.63, ಇನ್ನೊಂದರಲ್ಲಿ 1.29. ಆದ್ದರಿಂದ ಬಣ್ಣ, ಪ್ರೈಮರ್, ತುಕ್ಕು ಎಲ್ಲವನ್ನೂ ತೆಗೆದ ಜಾಗದಲ್ಲಿ ಮೈಕ್ರೋಮೀಟರ್ ಹಿಡಿದು, ಮೂರು ನಾಲ್ಕು ಕಡೆ ಅಳೆದು, ಮಿಲಿಮೀಟರಿನಲ್ಲೇ ಬರೆದು ಕೊಡುವುದು ಒಳ್ಳೆಯದು. ಬಣ್ಣದ ಪದರ ಒಂದೇ ಅಳತೆಯನ್ನು ಒಂದು ಗೇಜಿನಷ್ಟು ಬದಲಿಸಿಬಿಡಬಲ್ಲದು.

ನಂತರ ಲೋಹದ ಹದ, ಅಂದರೆ ಅದರ ಗಡಸುತನ. ಮುಂದೆ ಬರುವ ಹೆಸರುಗಳಲ್ಲಿ ನಾಲ್ಕಂಕಿಯ ಸಂಖ್ಯೆ ಅಲ್ಯೂಮಿನಿಯಂ ಮಿಶ್ರಲೋಹದ್ದು, ಅದರ ಪಕ್ಕದ ಎಚ್ ಅಥವಾ ಟಿ ಗುರುತು ಹದದ್ದು. ಆಂಗಲ್‌ಗೆ ನನ್ನ ಮೊದಲ ಆಯ್ಕೆ 3003-ಎಚ್14, ಸ್ವಲ್ಪ ಹೆಚ್ಚು ಬಲ ಬೇಕಾದಲ್ಲಿ 5052-ಎಚ್32. ಎರಡೂ ತೆಳು ತಗಡಿನಲ್ಲಿ ತಮ್ಮ ದಪ್ಪದಷ್ಟೇ ತ್ರಿಜ್ಯಕ್ಕೆ ಬಿರುಕಿಲ್ಲದೆ ಬಾಗುತ್ತವೆ, ಎರಡಕ್ಕೂ ವೆಲ್ಡಿಂಗ್ ಹಿಡಿಯುತ್ತದೆ. 6061-ಟಿ6 ಎಲ್ಲ ಕಡೆ ಸಿಗುತ್ತದೆಂದು ಅದನ್ನೇ ತಂದು ಬಾಗಿಸಹೊರಟರೆ, ದಪ್ಪದ ಎರಡು ಮೂರು ಪಟ್ಟು ತ್ರಿಜ್ಯ ಕೊಡದಿದ್ದಲ್ಲಿ ಹೊರಮೈಯಲ್ಲಿ ಸಣ್ಣ ಸಣ್ಣ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ವಿಮಾನದ ಬಿಡಿಭಾಗ ಮಾರುವವರಲ್ಲಿ ಸಿಗುವ 2024-ಟಿ3 ಬಲವಾದ ಲೋಹವೇ ಹೌದು, ಆದರೆ ಅದು ಇನ್ನೂ ದೊಡ್ಡ ತ್ರಿಜ್ಯ ಬೇಡುತ್ತದೆ ಮತ್ತು ಗ್ಯಾಸ್ ಅಥವಾ ಟಿಗ್ ವೆಲ್ಡಿಂಗ್‌ಗೆ ಒಗ್ಗುವುದಿಲ್ಲ.

ಇದರ ಜೊತೆಗೆ ತಗಡನ್ನು ರೋಲಿಂಗ್ ಮಾಡಿದ ದಿಕ್ಕಿನತ್ತಲೂ ಗಮನವಿರಬೇಕು. ಮರಕ್ಕೆ ಎಳೆಯಿರುವಂತೆ ತಗಡಿಗೂ ಎಳೆಯಿದೆ. ಬಾಗುವ ಗೆರೆ ಆ ಎಳೆಗೆ ಅಡ್ಡವಾಗಿದ್ದರೆ ಲೋಹ ಒಳ್ಳೆಯ ರೀತಿಯಲ್ಲಿ ಮಣಿಯುತ್ತದೆ, ಸಮಾನಾಂತರವಾಗಿದ್ದರೆ ಬೇಗ ಬಿರಿಯುತ್ತದೆ. ತೊಂದರೆಯೇನೆಂದರೆ ಹಾಳೆಯ ಉದ್ದವೇ ಸಾಮಾನ್ಯವಾಗಿ ರೋಲಿಂಗ್ ದಿಕ್ಕು, ನಮಗೆ ಬೇಕಾದ ಉದ್ದನೆಯ ಆಂಗಲ್‌ನ ಬಾಗುಗೆರೆಯೂ ಅದೇ ದಿಕ್ಕಿಗೆ ಬರುತ್ತದೆ. ಮೆದು ಹದದ 3003ರಲ್ಲಿ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಗಡಸು ಲೋಹವೇ ಬೇಕೆಂದಾದರೆ ಹಾಳೆಯ ಅಗಲದಿಂದ ಪಟ್ಟಿ ತೆಗೆದು, ಆಂಗಲ್ ಕಡಿಮೆ ಉದ್ದದ್ದಾಗುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ತೋಳಿನ ಅಗಲವನ್ನು ರಿವೆಟ್ ನಿರ್ಧರಿಸುತ್ತದೆ. ತೂತಿನ ನಡುವಿನಿಂದ ಅಂಚಿಗೆ ರಿವೆಟ್ ವ್ಯಾಸದ ಎರಡು ಪಟ್ಟಾದರೂ ಲೋಹ ಉಳಿಯಬೇಕೆಂಬುದು ಹಳೆಯ ನಿಯಮ. 3.2 ಮಿ.ಮೀ. ರಿವೆಟ್‌ಗೆ 6.4 ಮಿ.ಮೀ. ಅಲ್ಲಿಗೇ ಹೋಯಿತು, ಒಳಗಡೆ ತಲೆಯ ಅರ್ಧ ಭಾಗಕ್ಕೆ 3.2, ಬಾಗಿನ ತ್ರಿಜ್ಯಕ್ಕೆ 1.2, ತಗಡಿನ ದಪ್ಪಕ್ಕೆ 1.2 ಸೇರಿಸಿದರೆ 12 ಮಿ.ಮೀ. ಆಯಿತು. ಅದಕ್ಕಿಂತ ಕಿರಿದಾದ ತೋಳಿನಲ್ಲಿ ರಿವೆಟ್ ಒಂದೋ ಬಾಗಿನ ಮೇಲೆ ಏರುತ್ತದೆ, ಇಲ್ಲವೇ ಅಂಚನ್ನು ಹರಿಯುತ್ತದೆ. 15 ಮಿ.ಮೀ. ಇಟ್ಟುಕೊಂಡರೆ ಕೈಗೆ ಸಲೀಸು. ಹಾಗೆ ಹೊರ ಅಳತೆ 15 ಮಿ.ಮೀ. ಇರುವ ಎರಡು ತೋಳುಗಳಿಗೆ, 1.2 ಮಿ.ಮೀ. ದಪ್ಪ ಮತ್ತು ಅಷ್ಟೇ ಒಳತ್ರಿಜ್ಯ ಇದ್ದಾಗ, ಚಪ್ಪಟೆ ಪಟ್ಟಿಯ ಅಗಲ 30 ಅಲ್ಲ, ಸುಮಾರು 27.8 ಮಿ.ಮೀ.: ತೋಳಿಗೆ 12.6ರಂತೆ ಎರಡು ನೇರ ಭಾಗಗಳು, ನಡುವೆ ಬಾಗಿಗೆ 2.6. ಈ ಲೆಕ್ಕವನ್ನು ಕಾಗದದಲ್ಲಿ ಬರೆದುಕೊಂಡು ಹೋದರೆ ಬೆಂಡಿಂಗ್ ಮಾಡಿಕೊಡುವವರ ಜೊತೆ ಮಾತು ಸುಲಭವಾಗುತ್ತದೆ.

ಏರ್ ಕಂಡೀಷನಿಂಗ್ ಡಕ್ಟ್ ಮಾಡುವ ಅಥವಾ ಪ್ಯಾನೆಲ್ ಬಾಕ್ಸ್ ತಯಾರಿಸುವ ವರ್ಕ್‌ಶಾಪ್‌ಗಳಲ್ಲಿ ಇದಕ್ಕೆ ತಕ್ಕ ಯಂತ್ರ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ನಾನು ಒತ್ತಿ ಹೇಳುವ ಮಾತೊಂದಿದೆ: ಕಿರಿದಾದ ಪಟ್ಟಿಯನ್ನು ಮೊದಲೇ ಶಿಯರಿಂಗ್ ಯಂತ್ರದಲ್ಲಿ ಕತ್ತರಿಸಬಾರದು. ಇಳಿಜಾರಾದ ಅಲಗು ತೆಳು ಪಟ್ಟಿಯನ್ನು ತಿರುಚಿಬಿಡುತ್ತದೆ, ಆ ತಿರುಚು ಬಾಗಿಸಿದ ಮೇಲೂ ಹೋಗುವುದಿಲ್ಲ. ಅಗಲವಾದ ತಗಡಿನ ಅಂಚಿಗೆ ಮೊದಲು ಬಾಗು ಹಾಕಿಸಿ, ಆಮೇಲೆ ಎರಡನೆಯ ತೋಳನ್ನು ಅಳತೆಗೆ ಕತ್ತರಿಸಿಕೊಂಡರೆ ಆಂಗಲ್ ನೆಟ್ಟಗೆ ಬರುತ್ತದೆ.

ರೇಸ್ ಕಾರಿನ ಬಾಡಿಯಲ್ಲಿ ನೇರ ಆಂಗಲ್ ಕಡಿಮೆ, ವಕ್ರವಾದದ್ದೇ ಹೆಚ್ಚು. ನಿಂತಿರುವ ತೋಳು ವಕ್ರದ ಒಳಭಾಗಕ್ಕೆ ಬಂದರೆ ಅದನ್ನು ಕುಗ್ಗಿಸಬೇಕು, ಹೊರಭಾಗಕ್ಕೆ ಬಂದರೆ ಹಿಗ್ಗಿಸಬೇಕು. ದವಡೆಯಿಂದ ಕಚ್ಚಿ ಹಿಡಿದು ಲೋಹವನ್ನು ಕೂಡಿಸುವ ಅಥವಾ ಎಳೆಯುವ ಕೈಯಂತ್ರಗಳು ಈ ಕೆಲಸಕ್ಕೆಂದೇ ಇವೆ. ಗಡಸು ಹದದ ಲೋಹ ಇಲ್ಲಿ ಸಹಕರಿಸುವುದಿಲ್ಲ. ಹಿಗ್ಗಿಸುವಾಗ ಅಂಚು ಸೀಳುವ ಸೂಚನೆ ಕಂಡರೆ 3003 ತಗಡಿನ ಮೇಲೆ ಅಸಿಟಿಲಿನ್ ಜ್ವಾಲೆಯಿಂದ ತೆಳುವಾಗಿ ಮಸಿ ಹಿಡಿಸಿ, ಬಳಿಕ ಹದವಾದ ಜ್ವಾಲೆಯಿಂದ ಆ ಮಸಿ ಮಾಯವಾಗುವವರೆಗೆ ಮಾತ್ರ ಕಾಯಿಸಿದರೆ ಲೋಹ ಮೆದುವಾಗುತ್ತದೆ. ಅಲ್ಯೂಮಿನಿಯಂ ಕೆಂಪಗೆ ಕಾದು ಎಚ್ಚರಿಸುವುದಿಲ್ಲ, 650 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಮ್ಮೆಲೇ ಕುಸಿದುಬಿಡುತ್ತದೆ.

ಸಿದ್ಧವಾಗಿ ಸಿಗುವ ತೆಳು ಪಟ್ಟಿಗಳ ಬಗ್ಗೆಯೂ ಒಂದು ಮಾತು. ಫಾಲ್ಸ್ ಸೀಲಿಂಗ್‌ಗೆ ಬಳಸುವ ಗೋಡೆ ಆಂಗಲ್ ಅತಿ ತೆಳು, ಮೇಲಾಗಿ ಸತು ಲೇಪಿತ ಕಬ್ಬಿಣ. ವೆಲ್ಡಿಂಗ್ ಮಾಡಿದರೆ ಅದರ ಹೊಗೆ ಆರೋಗ್ಯಕ್ಕೆ ಹಾನಿ. ಟೈಲ್ಸ್ ಅಂಚಿನ ಅಲ್ಯೂಮಿನಿಯಂ ಪಟ್ಟಿಗಳಿಗೆ ಹೆಚ್ಚಾಗಿ ಆನೋಡೈಸ್ ಆಗಿರುತ್ತದೆ, ಬಾಗಿಸಿದರೆ ಆ ಗಟ್ಟಿ ಪದರ ಒಡೆಯುತ್ತದೆ. ನೇರವಾಗಿ, ಕಣ್ಣಿಗೆ ಬೀಳದ ಜಾಗದಲ್ಲಿ, ಭಾರ ಹೊರದ ಕಡೆಗೆ ಅದು ಆದೀತು. ಉಳಿದಂತೆ ನಾನು ಅದನ್ನು ಮುಟ್ಟುವುದಿಲ್ಲ.

ಆಂಗಲ್ ಕಬ್ಬಿಣದ ಕೊಳವೆಯನ್ನು ಮುಟ್ಟುವಲ್ಲಿ ಎರಡರ ನಡುವೆ ಪ್ರೈಮರ್ ಮತ್ತು ಸೀಲಂಟ್ ಪದರ ಇರಲೇಬೇಕು, ಇಲ್ಲದಿದ್ದರೆ ತೇವಾಂಶ ಸೇರಿದೊಡನೆ ಎರಡು ಲೋಹಗಳ ನಡುವಿನ ವಿದ್ಯುತ್ ಕ್ರಿಯೆಯಿಂದ ಸವೆಯುವುದು ಅಲ್ಯೂಮಿನಿಯಂ. ತೂತುಗಳನ್ನು ಮೂಲ ತಗಡಿನ ಹಳೆಯ ತೂತುಗಳ ಮೂಲಕವೇ ಕೊರೆದು, ಪ್ರತಿ ಕೆಲವು ತೂತಿಗೊಂದು ಕ್ಲೆಕೊ ಪಿನ್ (ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಪಿನ್) ಹಾಕಿ ಬಿಗಿದುಕೊಳ್ಳುತ್ತ ಹೋದರೆ ಸಾಲು ಜರುಗುವುದಿಲ್ಲ. ಹಳೆಯ ಆಂಗಲ್‌ನಿಂದ ಅಳತೆ ತೆಗೆಯಹೋದರೆ ಉದ್ದುದ್ದವಾದ ತೂತುಗಳು ದಾರಿ ತಪ್ಪಿಸುತ್ತವೆ.

ತಗಡು ಕೊಳ್ಳುವಾಗ ಪಟ್ಟಿಯ ಲೆಕ್ಕದಲ್ಲಿ ಕೊಳ್ಳದೆ ಇಡೀ ಹಾಳೆಯನ್ನೇ ಕೊಳ್ಳಿ, ಏಕೆಂದರೆ ಒಂದು ಆಂಗಲ್ ಸಡಿಲವಾದ ಬಾಡಿಯಲ್ಲಿ ಉಳಿದವೂ ಅದೇ ಸ್ಥಿತಿಯಲ್ಲಿರುತ್ತವೆ. ಉಳಿದ ತುಂಡುಗಳ ಮೇಲೆ ಲೋಹದ ಸಂಖ್ಯೆ, ಹದ, ರೋಲಿಂಗ್ ದಿಕ್ಕಿನ ಬಾಣ ಮೂರನ್ನೂ ಮಾರ್ಕರಿನಲ್ಲಿ ಬರೆದಿಡಿ. ಹಾಳೆಯ ಮೇಲಿನ ಮುದ್ರೆ ಕತ್ತರಿಸಿ ಹೋದ ಮೇಲೆ 3003 ಮತ್ತು 5052ನ್ನು ಬರಿಗಣ್ಣಿನಿಂದ ಬೇರೆ ಮಾಡಿ ಹೇಳಲು ಸಾಧ್ಯವಿಲ್ಲ.