ಆಮ್ಲಜನಕದ ಮಾದರಿ ತೆಗೆಯುವುದನ್ನು ಕೈಗೆ ಕಲಿಸುವುದು

ಸಾಗರ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪ್ರಾಯೋಗಿಕ ತರಗತಿ ತೆಗೆದುಕೊಳ್ಳಲು ಆರಂಭಿಸಿದ ದಿನಗಳಲ್ಲಿ, ಎದುರಿಗೆ ನಿಂತು ಒಮ್ಮೆ ಸರಿಯಾಗಿ ಮಾಡಿ ತೋರಿಸಿದರೆ ಅವರಿಗೆ ಕೆಲಸ ಬಂದಂತೆಯೇ ಎಂದು ನಾನು ನಂಬಿದ್ದೆ. ಆ ನಂಬಿಕೆ ಹುಸಿಯಾದದ್ದು ಹಡಗಿನ ಮೇಲೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನದ ಸಮೀಕರಣಗಳನ್ನು ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಬರೆದಿದ್ದ ವಿದ್ಯಾರ್ಥಿನಿಯೊಬ್ಬಳು, ಆಳದ ನೀರು ತುಂಬಿಕೊಂಡು ಮೇಲೆ ಬಂದ ನಿಸ್ಕಿನ್ ಬಾಟಲಿಯಿಂದ ಮೊದಲು ಲವಣಾಂಶದ ಮಾದರಿ ಹಿಡಿದು, ಆಮೇಲೆ ಆಮ್ಲಜನಕದ ಬಾಟಲಿಯನ್ನು ಕೈಗೆತ್ತಿಕೊಂಡಳು. ಅಷ್ಟರಲ್ಲಿ ನೀರು ಇಳಿದ ಜಾಗವನ್ನೆಲ್ಲ ಗಾಳಿ ತುಂಬಿತ್ತು. ಆಮ್ಲಜನಕದ ಮಾದರಿಯನ್ನು ಮೊದಲು ತೆಗೆಯಬೇಕೆಂದು ನಾನು ತರಗತಿಯಲ್ಲಿ ಹೇಳಿದ್ದೆ. ಅವಳ ಕೈಯಿಂದ ಒಮ್ಮೆಯೂ ಮಾಡಿಸಿರಲಿಲ್ಲ. ಹಾಗಾಗಿ ಆ ತಪ್ಪನ್ನು ನಾನು ನನ್ನದೆಂದೇ ಎಣಿಸುತ್ತೇನೆ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿ.ಲೀ. ಆಮ್ಲಜನಕವಿದ್ದರೆ, ಬೆಚ್ಚಗಿನ ಸಮುದ್ರದ ಮೇಲ್ಪದರದ ಒಂದು ಲೀಟರ್ ನೀರಿನಲ್ಲಿ ಇರುವುದು 5 ಮಿ.ಲೀ. ಆಸುಪಾಸು, ಆಮ್ಲಜನಕ ಕನಿಷ್ಠವಾಗಿರುವ ಆಳದ ಪದರಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಬಾಟಲಿಯ ಕತ್ತಿನಲ್ಲಿ ಉಳಿದ ಸಾಸಿವೆ ಕಾಳಿನಷ್ಟು ಗುಳ್ಳೆಗೂ ನಾನು ಏಕೆ ಅಷ್ಟು ತಲೆಕೆಡಿಸಿಕೊಳ್ಳುತ್ತೇನೆ ಎಂಬುದು ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದಾಗ ವಿದ್ಯಾರ್ಥಿಗಳಿಗೆ ತಾನಾಗಿ ಅರ್ಥವಾಗುತ್ತದೆ.

ಈಗ ಹಡಗು ಹತ್ತುವ ಮೊದಲೇ ಪ್ರಯೋಗಾಲಯದಲ್ಲಿ, ನಲ್ಲಿಯಿರುವ ದೊಡ್ಡ ಪಾತ್ರೆಯೊಂದಕ್ಕೆ ರಬ್ಬರ್ ಕೊಳವೆ ಜೋಡಿಸಿ ಪ್ರತಿಯೊಬ್ಬರಿಂದಲೂ ಅಭ್ಯಾಸ ಮಾಡಿಸುತ್ತೇನೆ. ಕೊಳವೆಯನ್ನು ಹಿಸುಕಿ, ತಟ್ಟಿ ಗುಳ್ಳೆಗಳನ್ನು ಹೊರಗೆ ಕಳಿಸಬೇಕು. ಅದರ ತುದಿಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ಬಾಟಲಿಯ ಎರಡು ಮೂರು ಪಟ್ಟು ನೀರು ಹೊರಚೆಲ್ಲುವವರೆಗೆ ನಿಧಾನವಾಗಿ ತುಂಬಬೇಕು. ಮ್ಯಾಂಗನೀಸ್ ಲವಣವನ್ನೂ ಕ್ಷಾರೀಯ ಅಯೊಡೈಡನ್ನೂ ನೀರಿನ ಮಟ್ಟದ ಕೆಳಗೇ ಬಿಟ್ಟು, ಗಾಜಿನ ಮುಚ್ಚಳವನ್ನು ಓರೆಯಾಗಿ ಇಳಿಸಬೇಕು. ಬಾಟಲಿಯನ್ನು ತಲೆಕೆಳಗು ಮಾಡಿ ಅಲುಗಿಸಿದಾಗ ಕಂದು ಬಣ್ಣದ ಗಸಿ ಮೋಡದಂತೆ ಹರಡುವುದನ್ನು ಮೊದಲ ಸಲ ನೋಡುವ ಮುಖಗಳನ್ನು ಗಮನಿಸುವುದು ಇಂದಿಗೂ ನನಗೆ ಇಷ್ಟದ ಕೆಲಸ.

ಆದರೆ ನಿಜವಾಗಿ ಕಲಿಸುವುದು ಜೋಡಿ ಮಾದರಿ. ಒಂದೇ ಪಾತ್ರೆಯಿಂದ ಎರಡು ಬಾಟಲಿ ತುಂಬಿ, ತಾವೇ ಟೈಟ್ರೇಷನ್ (ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಎಷ್ಟು ಬೇಕಾಯಿತೆಂದು ಅಳೆಯುವುದು) ಮಾಡಿ, ಎರಡೂ ಅಂಕಿಗಳನ್ನು ಹಲಗೆಯ ಮೇಲೆ ಬರೆಯಬೇಕು. ಅಂಕಿಗಳು ಹೊಂದದಿದ್ದರೆ ನಾನು ಕಾರಣ ಹೇಳುವುದಿಲ್ಲ, ಅಂಕವನ್ನೂ ಕಳೆಯುವುದಿಲ್ಲ. ನೀಲಿ ಬಣ್ಣ ತರುವ ಪಿಷ್ಟವನ್ನು ದ್ರಾವಣ ತಿಳಿ ಹಳದಿಗೆ ಇಳಿಯುವ ಮೊದಲೇ ಹಾಕಿದೆನೋ, ನೀಲಿ ಮಾಯವಾದ ಮೇಲೂ ಒಂದು ಹನಿ ಹೆಚ್ಚು ಬಿಟ್ಟೆನೋ ಎಂದು ಅವರೇ ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಹಾಗೆ ಹುಡುಕಲು ಆಧಾರ ಬೇಕಾಗುವುದರಿಂದ ದಾಖಲೆ ಪುಸ್ತಕದಲ್ಲಿ ಪ್ರತಿ ಹೆಜ್ಜೆಯನ್ನೂ ಪೆನ್ಸಿಲಿನಲ್ಲಿ ಬರೆಯುವ, ತಪ್ಪಿದ್ದನ್ನು ಅಳಿಸದೆ ಒಂದೇ ಗೆರೆ ಎಳೆಯುವ ರೂಢಿಯೂ ಬರುತ್ತದೆ.

ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ಈ ವಿಧಾನ, ಇಂದಿನ ಸಂವೇದಕಗಳು ಕೊಡುವ ಅಳತೆಯನ್ನು ತಾಳೆ ನೋಡಲು ಈಗಲೂ ಬಳಕೆಯಲ್ಲಿದೆ. ಒಂದು ತರಗತಿಯಲ್ಲಿ ಮುಗಿಯುತ್ತಿದ್ದ ಪಾಠಕ್ಕೆ ಈಗ ಮೂರು ತರಗತಿಗಳು ಬೇಕಾಗುತ್ತಿರುವುದರಿಂದ, ಉಪಕರಣಗಳನ್ನು ಬರಿದೇ ತೋರಿಸುತ್ತಿದ್ದ ಎರಡು ತರಗತಿಗಳನ್ನು ನಾನು ಕೈಬಿಟ್ಟಿದ್ದೇನೆ.